ತುಟಿಯ ಮೇಲಿನ ಕಾಲುವೆ

ಶುಕ್ರವಾರ. ಸಂಬಳ ಬಂದಿದೆ, ಲೆವೋನಾ,
ಹೆಕ್ಸ್ ನದಿಯ ಕಣಿವೆಗೆಲ್ಲ ಗೊತ್ತು.
ನಿನ್ನ ಗಂಡ ತಂದಿಟ್ಟ ಬೆಳ್ಳಿಚೀಲದ ವೈನು
ಮೇಜಿನ ಮೇಲೆ ಬಸುರಿಯ ಹಾಗೆ ಉಬ್ಬಿ ಕೂತಿದೆ.
ಕೂರು. ನಾನು ಪಾದ್ರಿಯಲ್ಲ, ಬೈಯಲು ಬಂದಿಲ್ಲ.

ನನ್ನಜ್ಜನಿಗೆ ಕೂಲಿಯೇ ವೈನು.
ಬೆಳಗ್ಗೆ ಒಂದು ತಗಡಿನ ಲೋಟ, ಬಿಸಿಲೇರಿದರೆ ಇನ್ನೊಂದು,
ಉಳಿದದ್ದು ರೊಕ್ಕ. ಉಳಿಯುತ್ತಿರಲಿಲ್ಲ.
ಅಜ್ಜಿಯೂ ಕುಡಿದಳು, ಅವ್ವನೂ. ನಾನೂ.
ಎಲ್ರಿಕೊ ಹೊಟ್ಟೆಯಲ್ಲಿದ್ದಾನೆಂದು ತಿಳಿಯುವ ಮುಂಚೆ,
ತಿಳಿದ ಮೇಲೂ. ಚಳಿ ಅಂದೆ. ಸೊಂಟನೋವು ಅಂದೆ.
ಒಂದು ಗುಟುಕಿಗೆ ಏನಾದೀತು ಅಂದೆ.

ನೋಡಿದ್ದೀಯಲ್ಲ ಅವನ ಮುಖ:
ಮೂಗಿನಿಂದ ತುಟಿಗೆ ಇಳಿಯುವ ಸಣ್ಣ ಕಾಲುವೆ
ಇಲ್ಲ. ಸಪಾಟು.
ದಿನವಿಡೀ ಬಳ್ಳಿಸಾಲಿಗೆ ಕಾಲುವೆ ತೋಡುವ ಕೈ ನನ್ನದು,
ಅಲ್ಲಿ ತೋಡಲಾರೆ.

ಒಂಬತ್ತು ತುಂಬಿತು. ನಿನ್ನೆ ರಾತ್ರಿ
ಬೂಟಿನ ದಾರ ಕಟ್ಟಲು ಕಲಿತ, ಕುಣಿದ.
ಬೆಳಗ್ಗೆ ಅದೇ ದಾರ ಹಿಡಿದು
ನನ್ನ ಮುಖ ನೋಡಿದ,
ಯಾರದೋ ಬೂಟು ಎಂಬಂತೆ.
ಕ್ಲಿನಿಕ್ಕಿನ ನರ್ಸು ಮೆಲ್ಲಗೆ ಹೇಳಿದ್ದಳು:
ಹೊಕ್ಕುಳಬಳ್ಳಿಗೆ ಸೋಸುವ ಬಟ್ಟೆಯಿಲ್ಲ, ಡ್ರೀಕಾ,
ನೀನು ಕುಡಿದದ್ದನ್ನೇ ಅವನೂ ಕುಡಿದ.

ತಪ್ಪು ನನ್ನೊಬ್ಬಳದೇ? ತೋಟದ ಧಣಿಯದೂ ಇದೆ,
ಆ ತಗಡಿನ ಲೋಟದ್ದೂ. ಅದರ ಜಗಳ ಇನ್ನೊಂದು ದಿನ.
ಇವತ್ತು ರೂಯಿಬೋಸ್ ಕಾಸಿದ್ದೇನೆ, ಸಕ್ಕರೆ ಜಾಸ್ತಿ ಹಾಕಿ.
ನಿನಗಿನ್ನು ಐದು ತಿಂಗಳು.

ಅಗೋ, ಹೊರಗೆ ಎಲ್ರಿಕೊ
ಹಳೆಯ ಖಾಲಿ ಚೀಲಕ್ಕೆ
ಕೆನ್ನೆ ಉಬ್ಬಿಸಿ ಗಾಳಿ ಊದುತ್ತಿದ್ದಾನೆ.
ದಿಂಬಂತೆ.
ನಿನ್ನ ಪಾಪುವಿಗೆ.