ಗೋಡೆಯ ಜಾಲರಿ

ಊರಿನ ಹೆಸರು ಹಲ್.
ಹೆಸರಿಗೆ ತಕ್ಕಂತೆ ಹಲ್ಲು ಕಟಕಟ.
ಈ ಸಾಲುಮನೆಯಲ್ಲಿ
ಮೀಟರಿನಲ್ಲಿ ದುಡ್ಡಿದ್ದಷ್ಟೇ ಬಿಸಿ.
ಮೂಲೆಯಂಗಡಿಯಲ್ಲಿ ಹತ್ತು ಪೌಂಡು ಹಾಕಿಸಿಕೊಂಡು ಬಂದರೆ
ಭಾನುವಾರದವರೆಗೆ ಬರಬೇಕು.
ಗುರುವಾರವೇ ಮುಗಿದಿರುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಂತೆ.
ಇಲ್ಲಿಯ ಚಳಿಗೆ ಆ ಹೆಸರು ಯಾರೂ ಹೇಳಿಕೊಟ್ಟಿಲ್ಲ.
ಹಂಬರ್ ನದಿಯ ಕೆಸರಿನಿಂದೆದ್ದು
ಸೀದಾ ನಮ್ಮ ನಡುಮನೆಗೆ ಬಂದು ಕೂರುತ್ತದೆ
ಬೀಗರ ಹಾಗೆ. ಏಳುವ ಮಾತಿಲ್ಲ.

ಹಾಗಾಗಿ ಜಿಪುಣರಾದೆವು. ಜಾಣ ಜಿಪುಣರು.
ಕಿಟಕಿಗೆ ಗುಳ್ಳೆಪ್ಲಾಸ್ಟಿಕ್ ಅಂಟಿಸಿದೆವು.
ನನ್ನ ಹಳೆಯ ಚೂಡಿದಾರದ ಕಾಲು ಕತ್ತರಿಸಿ
ಚಿಂದಿ ತುಂಬಿ
ಬಾಗಿಲಡಿಗೆ ಹಾವಿನಂತೆ ಮಲಗಿಸಿದೆವು;
ಮಗಳು ಎರಡು ಗುಂಡಿ ಹೊಲಿದು ಕಣ್ಣು ಕೊಟ್ಟಳು.
ಅರೆಬೆಂದ ಅನ್ನವನ್ನು ಒಲೆಯಿಂದಿಳಿಸಿ
ಕೌದಿಯಲ್ಲಿ ಸುತ್ತಿಟ್ಟರೆ ತನ್ನ ಬಿಸಿಗೆ ತಾನೇ ಬೇಯುತ್ತದೆ —
ಇದು ವೀರಭದ್ರನ ಶೋಧ.
ಮೂರು ದಿನ ಅದರದೇ ಭಾಷಣ.

ಜಾಲರಿಯನ್ನು ಕಂಡುಹಿಡಿದವನೂ ಅವನೇ.
ಗ್ಯಾಸ್ ಅಗ್ಗಿಷ್ಟಿಕೆಯ ಪಕ್ಕ, ಸೋಫಾದ ಹಿಂದೆ,
ಅಂಗೈಯಗಲದ ತೂತು.
"ಕಳ್ಳ ಇಲ್ಲಿದ್ದಾನೆ ನೋಡು!
ನಮ್ಮ ದುಡ್ಡೆಲ್ಲ ಇಲ್ಲಿಂದಲೇ ಬೀದಿಪಾಲು."
ಟವೆಲ್ಲು ತುರುಕಿದ, ರಟ್ಟು ಮುಚ್ಚಿದ,
ಸುತ್ತ ಕಂದು ಟೇಪು ಎಳೆದು
ಕೈ ಕೊಡವಿಕೊಂಡ, ಕೋಟೆ ಗೆದ್ದವನಂತೆ.

ಕೋಣೆ ಬೆಚ್ಚಗಾಯಿತು, ಸುಳ್ಳಲ್ಲ.
ಉರಿ ಹಳದಿಗೆ ತಿರುಗಿತು,
ಎಣ್ಣೆದೀಪದ ಕುಡಿಯ ಹಾಗೆ, ಮೆತ್ತಗೆ, ತೂಗುತ್ತ.
ಎಷ್ಟು ಇಷ್ಟವಾಯಿತೆಂದರೆ
ಆಸ್ಪತ್ರೆಯ ಲಾಂಡ್ರಿಯಿಂದ ಬಂದವಳು
ಕೋಟು ಕಳಚುವ ಮೊದಲೇ
ಕೈಮುಗಿದದ್ದೂ ಉಂಟು.

ಆಮೇಲೆ ತಲೆನೋವು. ಮೂವರಿಗೂ.
ನನ್ನದು ಬ್ಲೀಚಿನಿಂದ ಅಂದುಕೊಂಡೆ,
ಅವನದು ವ್ಯಾನು ಓಡಿಸಿ,
ಅವಳದು ಗಣಿತದಿಂದ.
ಪಾರ್ಕಿಗೆ ಹೋದ ದಿನ ಮಾಯ;
ಮನೆಗೆ ಬಂದರೆ ಮತ್ತೆ ಹಾಜರು.
ಗೋಡೆಯ ಮೇಲೊಂದು ಬಿಳಿ ಡಬ್ಬಿ ಇತ್ತು,
ಬ್ಯಾಟರಿ ಸೊರಗಿ ನಿಮಿಷಕ್ಕೊಮ್ಮೆ ಚಿಂವ್ ಅನ್ನುತ್ತಿತ್ತು.
ಅದರ ಬಾಯಿ ಮುಚ್ಚಿಸಿ
ಕಾಲುಚೀಲಗಳ ನಡುವೆ ಇಟ್ಟಿದ್ದೆವು.

ಪಕ್ಕದ ಮನೆಯ ಡೊರೀನ್ ಬಂದದ್ದು
ಉಪ್ಪಿಟ್ಟಿನ ಬೋಗುಣಿ ವಾಪಸು ಕೊಡಲಿಕ್ಕೆ.
ಖಾಲಿ ಪಾತ್ರೆ ಮರಳಿಸಬಾರದೆಂದು
ಅವಳಿಗೂ ಯಾರೋ ಹೇಳಿಕೊಟ್ಟಿರಬೇಕು,
ಒಳಗೆ ಎರಡು ಸ್ಕೋನ್.
ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೆಂದವಳು
ಹೊಸ್ತಿಲಲ್ಲೇ ನಿಂತು ಉರಿ ನೋಡಿದಳು.
"ಅದು ಹಳದಿ ಯಾಕಿದೆ?"
ನಾನು ಹೇಳಹೊರಟೆ — ದೀಪ, ಅಮ್ಮ, ದೇವರ ಗೂಡು...
ಅವಳು ಆಗಲೇ ಗ್ಯಾಸು ಆರಿಸಿ
ಗುಳ್ಳೆಪ್ಲಾಸ್ಟಿಕ್ ಹರಿದು ಕಿಟಕಿ ತೆರೆದು
ಮಗಳ ರಟ್ಟೆ ಹಿಡಿದು ಬೀದಿಯಲ್ಲಿದ್ದಳು.
ಸ್ಕೋನ್ ನೆಲದ ಮೇಲಿತ್ತು.

ಹತ್ತು ಪೌಂಡಿನ ಬಿಸಿ
ಒಂದೇ ಉಸಿರಿಗೆ ಹೊರಟುಹೋಯಿತು.

ಗ್ಯಾಸಿನವನು ಬಂದ. ಸೋಫಾ ಸರಿಸಿ, ಟೇಪು ಕಿತ್ತು,
ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ.
ಬೈಯಲಿಲ್ಲ.
ವೀರಭದ್ರ ಮಾತ್ರ ಬೈಸಿಕೊಂಡವನಂತೆ ನಿಂತಿದ್ದ.
"ಉರಿಗೂ ಉಸಿರು ಬೇಕು" ಅಂದ, ಅಷ್ಟೆ.
ಅವನು ಅಂದದ್ದು ಇಂಗ್ಲಿಷಿನಲ್ಲಿ;
ನನಗೆ ಕೇಳಿಸಿದ್ದು ಕನ್ನಡದಲ್ಲಿ.

ಮನೆಯೊಡೆಯನಿಗೆ ಹೇಳಿ ಹೇಳಿ
ಚಿಮಣಿ ಗುಡಿಸಿಸಲು ಹದಿನೇಳು ದಿನ ಹಿಡಿಯಿತು.
ಅಷ್ಟೂ ರಾತ್ರಿ ಬಿಸಿನೀರಿನ ರಬ್ಬರ್ ಚೀಲವನ್ನು
ಮಗುವಿನಂತೆ ಸರದಿಯ ಮೇಲೆ ಎತ್ತಿಕೊಂಡು,
ಕೌದಿ ಇದ್ದಷ್ಟು ಕಾಲು ಮಡಚಿ,
ಮೂವರೂ ಒಂದೇ ಕೋಣೆಯಲ್ಲಿ.

ಈಗ ಉರಿ ನೀಲಿ.
ದೇವರಂತಿಲ್ಲ, ಕೆಲಸಕ್ಕೆ ಬಂದವನಂತಿದೆ.
ಕೈ ಮುಗಿಯುವುದಿಲ್ಲ; ಬಣ್ಣ ನೋಡುತ್ತೇನೆ.
ಬಿಳಿ ಡಬ್ಬಿ ಹೊಸ ಬ್ಯಾಟರಿ ನುಂಗಿ
ಸುಮ್ಮನೆ ಎಚ್ಚರವಿದೆ.
ಜಾಲರಿಯಿಂದ ಗಾಳಿ ಬರುತ್ತದೆ
ಸಣ್ಣಗೆ ಸಿಳ್ಳೆ ಹಾಕುತ್ತ, ನನ್ನ ಕಣಕಾಲು ಹುಡುಕುತ್ತ.

ವೀರಭದ್ರನ ಲೆಕ್ಕದ ಪುಸ್ತಕದಲ್ಲಿ
ಹಾಲು, ಅಕ್ಕಿ, ಡೀಸೆಲ್ಲಿನ ಕೆಳಗೆ
ಹೊಸದೊಂದು ಸಾಲು, ಅವನ ಗುಂಡು ಅಕ್ಷರದಲ್ಲಿ:
ಗಾಳಿಗೆ — ವಾರಕ್ಕೆ ಎರಡು ಪೌಂಡು.