ತಟ್ಟೆ ತೊಳೆಯುವ ಹೊತ್ತು

ಮಂಡ್ಯದ ಆಸ್ಪತ್ರೆಯಲ್ಲಿ ನನ್ನ ಕೆಲಸ
ಹೆಸರು ಕೂಗುವುದು, ಕೊಳವೆ ತೊಳೆಯುವುದು,
ಗಂಟಲಿಗೆ ಜೋಮಿನ ಮದ್ದು ಹೊಡೆದು
'ನುಂಗಿ, ನುಂಗಿ' ಅನ್ನುವುದು.
ಈ ಸೀಮೆಯವರಿಗೆ ಅದನ್ನು ಹೇಳಿಕೊಡಬೇಕೆ?
ಮುದ್ದೆಯನ್ನು ಅಗಿದವರುಂಟೆ ಇಲ್ಲಿ?

ಮೊದಲು ಕಲ್ಲಹಳ್ಳಿಯ ವಿಶಾಲಾಕ್ಷಿ ಟೀಚರು.
ನಾಲ್ಕು ವರ್ಷದಿಂದ ಎದೆಯೊಳಗೆ ಕೆಂಡ,
ರಾತ್ರಿಗೆ ಮೂರು ದಿಂಬು,
ವ್ಯಾನಿಟಿ ಬ್ಯಾಗಿನಲ್ಲಿ ಗುಲಾಬಿ ಬಣ್ಣದ ಬಾಟಲಿ.
ತೆರೆಯ ಮೇಲೆ ಅವರ ಅನ್ನನಾಳ
ಎಳೆಗೂಸಿನ ಅಂಗೈಯಷ್ಟು ನಯ.
ವಾರ ಬಿಟ್ಟು ಬಂದ ಲ್ಯಾಬಿನ ಚೀಟಿಯಲ್ಲೂ ಏನಿಲ್ಲ.
"ಹಾಗಾದರೆ ನಾನು ಸುಳ್ಳು ಹೇಳ್ತಿದೀನಾ?" ಅಂತ ಅತ್ತರು.
ಇಲ್ಲ ಮೇಡಂ. ಉರಿ ಉರಿಯೇ.

ಆಮೇಲೆ ನೀರಗಂಟಿ ದ್ಯಾವಣ್ಣ.
"ನಂಗೇನಾಗಿಲ್ಲ ಕಣವ್ವ. ಬೀಗರೂಟದಲ್ಲಿ
ಒಂದು ತುಂಡು ಬಾಡು ಅಡ್ಡ ನಿಂತಿತ್ತು, ಇಳೀತು."
ನೋವು? ಇಲ್ಲ. ಉರಿ? ಇಲ್ಲ.
ಹಾಳೆಯ ತುಂಬ ಸೊನ್ನೆ ಸುತ್ತಿದೆ.
ಕೊಳವೆ ಇಳಿಯಿತು:
ಬಳೆಯ ಮೇಲೆ ಬಳೆ ಏರಿಸಿದ ಹಾಗೆ ಸುತ್ತು,
ಉದ್ದಕ್ಕೆ ಸೀಳು, ಬಿಳಿ ಚುಕ್ಕಿ,
ಕಿರುಬೆರಳು ತೂರುವಷ್ಟೇ ದಾರಿ.
ಡಾಕ್ಟರು ಸಣ್ಣ ಕೊಳವೆ ಕೇಳಿದರು. ಬೇರೆ ಮಾತಿಲ್ಲ.

ಹೊರಗೆ ಬೆಂಚಿನ ಮೇಲೆ ನಿಂಗಾಜಮ್ಮ.
"ಉಣ್ಣೋಕೆ ಎಷ್ಟೊತ್ತು ತಗೋತಾರೆ?"
"ಅಯ್ಯೋ, ಅದ್ಯಾಕ್ ಕೇಳೀಯೆ!
ಎಲ್ಲಾರ ತಟ್ಟೆ ತೊಳ್ದು, ಒಲೆ ಸಾರ್ಸಿ,
ದನಕ್ಕೆ ಹುಲ್ಲಾಕಿ ಬತ್ತೀನಿ,
ಇವ್ರ ತಟ್ಟೇಲಿ ಅರ್ಧ ಮುದ್ದೆ ಅಂಗೇ ಇರ್ತದೆ.
ಗೋಲಿಯಂಗೆ ಉಂಡೆ ಕಟ್ತಾರೆ,
ಒಂದೊಂದ್ಕೂ ಒಂದು ಗುಟುಕು ನೀರು.
ಬಾಡು ಬಿಟ್ಟು ಆರು ವರ್ಸ. ಬೀಗ್ರು ಬಲವಂತ ಮಾಡಿದ್ರು ಅಷ್ಟೆ.
ನಾನು ಭಕ್ತಿ ಅಂದ್ಕಂಡಿದ್ದೆ."

ಎಂಟು ವಾರದ ಮದ್ದು ಮುಗಿಸಿ ಮತ್ತೆ ಬಂದ.
"ಪೂರಾ ವಾಸಿ. ಇನ್ಯಾತಕ್ಕೆ ಕೊಳವೆ?"
ಅಂದವನು ತಾನೇ ಸುಮ್ಮನಾದ.
ನಾಲೆಯಲ್ಲಿ ಮೂವತ್ತು ವರ್ಷ ತೂಬು ಎತ್ತಿದವನು.
"ತುದಿ ಗದ್ದೆಗೆ ನೀರು ಬತ್ತಿದ್ರೆ
ಹೂಳು ನೋಡೋಕೆ ಯಾರೂ ಇಳಿಯಾಕಿಲ್ಲ" ಅಂತ
ಎಡಮಗ್ಗುಲಿಗೆ ಮಲಗಿದ.

ಬಾಗಿಲ ಸಂದಿಯಿಂದ ನಿಂಗಾಜಮ್ಮ, ಪಿಸುಮಾತಲ್ಲಿ:
"ಈಗೀಗ ಹುಲ್ಲಾಕೋಕೆ ಮುಂಚೆ ತಟ್ಟೆ ಸಿಕ್ತದೆ.
ಒಲೆ ಸಾರ್ಸೋಕೆ ಮುಂಚೆ ಇನ್ನೂ ಇಲ್ಲ."

ಹಾಳೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಗೀಚಿಕೊಂಡೆ.
ನುಂಗಿ ದ್ಯಾವಣ್ಣ,
ನುಂಗಿ.