ಮಂಡಗದ್ದೆಯಲ್ಲಿ ಎರಡು ನಿಮಿಷ

ತುಟ್ಟಿಭತ್ಯೆಯ ಬಾಕಿ ಬಂದಿತ್ತು, ಮೂವತ್ತೊಂದು ಸಾವಿರದ ನಾನೂರು.
ದುರ್ಗಿಗುಡಿಯ ಅಂಗಡಿಯಲ್ಲಿ ಇನಾಯತ್ ಸಾಬರು
ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟು,
ಎರಡು ಗಂಡು ತೋರಿಸಿದ ಮದುವೆ ದಳ್ಳಾಳಿಯ ಹಾಗೆ
ಹಿಂದೆ ಸರಿದು ನಿಂತರು.

ಒಂದು ಡಿಎಸ್ಸೆಲ್ಲಾರ್. ಇದ್ದುದರಲ್ಲೇ ಅಗ್ಗದ್ದು, ಆದರೂ ಆ ಮನೆತನದ್ದು.
ಒಳಗೊಂದು ಕನ್ನಡಿ; ಒತ್ತಿದರೆ ಎದ್ದು ಬಿದ್ದು
ನಮ್ಮ ಹಳೇ ಬಸ್ಸಿನ ಬಾಗಿಲಿನ ಹಾಗೆ ಟಕ್ ಎನ್ನುತ್ತದೆ.
ಇನ್ನೊಂದು ಒಂದೇ ಗಂಟು, ಮೂತಿ ಬಿಚ್ಚಲು ಬರುವುದಿಲ್ಲ,
ಗುಂಡಿ ಒತ್ತಿ ಹಿಡಿದರೆ ಚಾಚುತ್ತ ಚಾಚುತ್ತ
ಆಮೆಯ ಕತ್ತು.
“ಅರವತ್ತು ಪಟ್ಟು!” ಸಾಬರು ಮಗನ ಮಾರ್ಕ್ಸ್ ಹೇಳಿದ ಹಾಗೆ ಹೇಳಿದರು.

ಹನ್ನೊಂದು ವರ್ಷದಿಂದ ಶಿವಮೊಗ್ಗ, ತೀರ್ಥಹಳ್ಳಿ, ಶಿವಮೊಗ್ಗ.
ಬ್ಯಾಗು, ಮೆಷಿನ್ನು, ಸೀಟಿ.
ಮಳೆಗಾಲ ಹಿಡಿದರೆ ಮಂಡಗದ್ದೆಯಲ್ಲಿ
ಹೊಳೆಯೊಳಗೆ ನಿಂತ ಮರಗಳ ತುಂಬ ಬೆಳ್ಳಕ್ಕಿ.
ಬಸ್ಸು ಅಲ್ಲಿ ನಿಲ್ಲುವುದು ಎರಡು ನಿಮಿಷ,
ಡ್ರೈವರ್ ಬಸವಣ್ಯಪ್ಪ ಬೀಡಿ ಹಚ್ಚಿದ ದಿನ ನಾಲ್ಕು.
ಅಷ್ಟರಲ್ಲಿ ನಾನು ಹಿಂಬಾಗಿಲಲ್ಲಿ ನಿಂತು ನೋಡುತ್ತೇನೆ.
ಬಿಳಿ ಚುಕ್ಕೆ. ಅಷ್ಟೇ.
ಚುಕ್ಕೆಗೆ ಕೊಕ್ಕಿದೆ, ಗೂಡಿದೆ, ಜಗಳವಿದೆ ಎಂಬುದು
ಕಿವಿಗೆ ಮಾತ್ರ ಗೊತ್ತು.

“ಸೆನ್ಸಾರ್ ನೋಡಿ,” ಎಂದರು ಸಾಬರು.
“ಇದರದ್ದು ಮನೆ ಅಂಗಳ, ಅದರದ್ದು ಕಿರುಬೆರಳ ಉಗುರು.
ಬೆಳಕು ಬಂದು ಕೂರಬೇಕಲ್ಲಮ್ಮ, ಜಾಗ ಬೇಡ್ವಾ?”
ಬೇಕು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು,
ಐವತ್ತೈದು ಸೀಟಿನ ಗಾಡಿಗೆ ತೊಂಬತ್ತು ಜನ ಹತ್ತಿದರೆ
ಯಾರ ಮುಖವೂ ಮುಖದ ಹಾಗಿರುವುದಿಲ್ಲ.

ಆದರೆ ಆ ಅಂಗಳದಿಂದ ದೂರ ಕಾಣಬೇಕೆಂದರೆ ಬೇರೆ ಲೆನ್ಸು,
ಲೆನ್ಸಿಗೆ ಮುಂದಿನ ಬಾಕಿ,
ಬಾಕಿಗೆ ಮುಂದಿನ ಮುಷ್ಕರ.
ಜೊತೆಗೆ ಕೊಡುವ ಮೋಟು ಲೆನ್ಸಿನಲ್ಲೇ ನೋಡಿದೆ.
ರಸ್ತೆಯಾಚೆಯ ದಾರದಂಗಡಿ ಇದ್ದಲ್ಲೇ ಇತ್ತು.
ಇನಾಯತ್ ಸಾಬರ ಕೈ ಮಾತ್ರ, ಆ ಮಬ್ಬು ಮೂಲೆಯಲ್ಲೂ,
ಗೆರೆಗೆರೆಯಾಗಿ ಬಂತು;
ಎಂದೋ ಮುಚ್ಚಿದ ಕತ್ತಲೆ ಕೋಣೆಯ ರಸಾಯನ ತಿಂದ
ಕಂದು ಉಗುರಿನ ಸಮೇತ.

ಇನ್ನೊಂದರಲ್ಲಿ ದಾರದಂಗಡಿ ಹಾರಿ ಬಂದು ಮೂಗಿಗೆ ತಗುಲಿತು.
ಗಲ್ಲಾದ ಹೆಂಗಸು, ಯಾರೂ ನೋಡುತ್ತಿಲ್ಲ ಎಂದುಕೊಂಡು,
ಸಡಿಲವಾದ ಹಲ್ಲನ್ನು ಬೆರಳಿಂದ ಅಲ್ಲಾಡಿಸುತ್ತಿದ್ದಳು.
ನಾಚಿಕೆಯಾಗಿ ಇನ್ನೊಂದು ಕಣ್ಣು ತೆರೆದರೆ
ಆಗಲೇ ಎದ್ದಿದ್ದಾಳೆ;
ಒಳಗಿನ ಪುಟ್ಟ ಟೀವಿಯಲ್ಲಿ ಮಾತ್ರ ಒಂದು ರೆಪ್ಪೆಯಷ್ಟು ಹೊತ್ತು
ಇನ್ನೂ ಕೂತಿದ್ದಾಳೆ.
“ಕನ್ನಡಿಯಲ್ಲಿ ಕಾಣೋದು ಈಗ ಇರೋದು,” ಎಂದರು ಸಾಬರು,
“ಇದರಲ್ಲಿ ಕಾಣೋದು ಈಗಷ್ಟೇ ಇದ್ದದ್ದು.”

ದುಡ್ಡು ಎಣಿಸಿದೆ. ಎಣಿಸುವುದೇ ನನ್ನ ಕಸುಬು.
ಉದ್ದ ಮೂತಿಯದನ್ನೇ ಕೊಡಿ ಎಂದೆ.
ನನ್ನ ಹಕ್ಕಿಗಳಿರುವುದು ಹೊಳೆಯ ನಡುವೆ, ಸಾಬರೆ,
ಅಂಗಳ ತಗೊಂಡು ಎಲ್ಲಿ ಹಾಸಲಿ?

ಮಾರನೇ ದಿನ, ಮಳೆ ಬಿಟ್ಟ ಸಂಜೆ, ಕೊನೇ ಟ್ರಿಪ್ಪು.
ಹೋಲ್ಡಾನ್.
ಬಸವಣ್ಯಪ್ಪ ಬೀಡಿ ತೆಗೆದ, ನನ್ನ ಕತ್ತಿನಲ್ಲಿ ಜೋತದ್ದನ್ನು ನೋಡಿದ,
ಏನೂ ಕೇಳದೆ ಎಂಜಿನ್ನನ್ನೇ ಆರಿಸಿದ.
ಆಮೆ ಕತ್ತು ಚಾಚಿತು, ಹೊಳೆ ದಾಟಿತು.
ನನ್ನ ಕೈ ನಡುಗಿದರೆ ಆಚೆ ಮರವೇ ನಡುಗುತ್ತಿತ್ತು.
ಕಂಡೆ: ತಾಯಿಯ ಗಂಟಲವರೆಗೆ ಕೊಕ್ಕು ತುರುಕಿದ ಮರಿ,
ತಾಯಿಯ ಕಣ್ಣಿನ ಬುಡದಲ್ಲಿ
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಾಣದ ಒಂದು ಹಸಿರು.
ಒತ್ತಿದೆ.
ಹಿಂದಿನ ಸೀಟಿನವರು, “ಏನ್ ಕಂಡಕ್ಟ್ರಮ್ಮ, ಇಲ್ಲೇ ವಸ್ತಿನಾ?”
ರೈಟ್, ರೈಟ್.

ಮನೆಗೆ ಬಂದು ದೊಡ್ಡದು ಮಾಡಿದರೆ
ಪಟದ ತುಂಬ ಉಪ್ಪಿಟ್ಟಿನ ರವೆ.
ಹಸಿರು ಹತ್ತಿಯೇ ಇಲ್ಲ. ಜಾಗ ಸಾಲದೆ
ಫುಟ್‌ಬೋರ್ಡಿನಲ್ಲೇ ಜೋತು, ಎಲ್ಲೋ ಬಿದ್ದುಹೋಗಿದೆ.
ಬೆಳ್ಳಕ್ಕಿ ಯಾವುದು, ರವೆ ಯಾವುದು,
ಬೆರಳಿಟ್ಟು ತಲೆ ಎಣಿಸಿದೆ, ಅಭ್ಯಾಸ ನೋಡಿ.
ಮೂರು ಸಲಕ್ಕೆ ಮೂರು ಲೆಕ್ಕ.
ಆ ಕೊಂಬೆಯಲ್ಲಿ ಟಿಕೆಟ್ ಇಲ್ಲದವರು ಬಹಳ.

ಬೆಳಗಿನ ಏಳೂವರೆ ಗಾಡಿಗೆ ಹಾಕಿ ಎಂದು
ಡಿಪೋದಲ್ಲಿ ಅರ್ಜಿ ಕೊಟ್ಟಿದ್ದೇನೆ.
ಕಾರಣ ಎಂದಿದ್ದ ಕಡೆ ‘ಬೆಳಕು’ ಎಂದು ಬರೆದು,
ಹೊಡೆದುಹಾಕಿ,
‘ಸ್ವಂತ ಕೆಲಸ’ ಎಂದು ತಿದ್ದಿದೆ.